ಮೇಷ್ಟರ ಡೀಸೆಲ್ ಕಾರು

ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಊರುಗಳ ಹೆಸರು ಮೊಟಕಾಗುವ ವಾಡಿಕೆ ಬಹುಕಾಲದಿಂದ ಬೆಳೆದುಬಂದಿದೆ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳು ‘ಬಿ.ಟಿ.ಎಂ.’ ಎಂಬ ಮೂರಕ್ಷರಗಳಲ್ಲಿ ಅಡಗಿಹೋದುವು. ಅವುಗಳ ಮಗ್ಗುಲಲ್ಲಿರುವ ಸುದ್ದಗುಂಟೆಪಾಳ್ಯವೂ ಬಾಯಿಂದ ಬಾಯಿಗೆ ಸವೆದು ‘ಎಸ್.ಜಿ. ಪಾಳ್ಯ’ವಾಯಿತು. ಹೆಸರು ಸವೆದರೂ ಹಳೆಯ ಪಾಳ್ಯದ ಓಣಿಗಳು ಅಗಲವಾಗಲಿಲ್ಲ. ಎದುರುಬದುರಾಗಿ ಎರಡು ಸ್ಕೂಟರುಗಳು ಬಂದರೆ ಒಂದು ನಿಂತು ಇನ್ನೊಂದಕ್ಕೆ ದಾರಿ ಕೊಡಬೇಕಾದಂಥ ಓಣಿಗಳು ಅಲ್ಲಿ ಇಂದಿಗೂ ಉಂಟು. ಅಂಥದೊಂದು ಓಣಿಯೊಳಕ್ಕೆ 2012ನೆಯ ಇಸವಿ ಜೂನ್ ತಿಂಗಳ ಮೊದಲ ವಾರದ ಒಂದು ಸಂಜೆ, ಸೇವಂತಿಗೆ ಹಾರ ಹಾಕಿಕೊಂಡು, ನಾಲ್ಕು ಚಕ್ರಗಳಿಗೂ ನಿಂಬೆಹಣ್ಣು ತುಳಿಸಿಕೊಂಡು, ಹೊಸ ಕಾರೊಂದು ಪ್ರವೇಶ ಮಾಡಿತು.

ಕಾರಿನ ಯಜಮಾನರು ಜಯನಗರದ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುವವರು. ಪಾಳ್ಯದಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರೇ ಇಲ್ಲ. ಎಲ್ಲರಿಗೂ ಅವರು ‘ಮೇಷ್ಟ್ರು’. ಇಲ್ಲಿಯೂ ಅಷ್ಟೇ ಸಾಕು. ಇಪ್ಪತ್ತು ವರ್ಷ ಒಂದೇ ಸ್ಕೂಟರಿನಲ್ಲಿ ಶಾಲೆಗೆ ಹೋಗಿಬಂದ ಅವರು, ಸಾಲದ ಕಂತು ಕಟ್ಟಲು ಒಪ್ಪಿ ಕಾರು ಕೊಂಡದ್ದೇ ಒಂದು ವಿಶೇಷ. ಅದರಲ್ಲಿಯೂ ಡೀಸೆಲ್ ಕಾರು ಕೊಂಡದ್ದು ಇನ್ನೂ ದೊಡ್ಡ ವಿಶೇಷ. ಆದರೆ ಅದಕ್ಕೆ ಕಾರಣವಿತ್ತು, ಮತ್ತು ಆ ಕಾರಣವನ್ನು ಅವರು ನೂರು ಪುಟದ ನೋಟುಪುಸ್ತಕವೊಂದರಲ್ಲಿ ಲೆಕ್ಕ ಮಾಡಿ ಬರೆದಿಟ್ಟಿದ್ದರು.

ಆ ವರ್ಷದ ಮೇ ತಿಂಗಳ ಕೊನೆಯಲ್ಲಿ ಪೆಟ್ರೋಲಿನ ಬೆಲೆ ಒಂದೇ ನೆಗೆತಕ್ಕೆ ಲೀಟರಿಗೆ ಏಳು ರೂಪಾಯಿಗೂ ಮಿಕ್ಕು ಏರಿತ್ತು. ದೆಹಲಿಯಲ್ಲಿ ಅದು 73 ರೂಪಾಯಿ ಮುಟ್ಟಿದಾಗ ಡೀಸೆಲ್ ಇನ್ನೂ 41ರ ಆಸುಪಾಸಿನಲ್ಲಿತ್ತು. ಬೆಂಗಳೂರಿನಲ್ಲಿ ತೆರಿಗೆಯಿಂದಾಗಿ ಎರಡೂ ತುಸು ಹೆಚ್ಚು. ಪೆಟ್ರೋಲಿನ ಬೆಲೆಯ ಮೇಲಿನ ಹತೋಟಿಯನ್ನು ಸರಕಾರ 2010ರಲ್ಲಿಯೇ ಬಿಟ್ಟುಕೊಟ್ಟಿತ್ತು. ಲಾರಿ, ಬಸ್ಸು, ರೈತನ ಪಂಪುಸೆಟ್ಟುಗಳು ನಂಬಿಕೊಂಡಿದ್ದ ಡೀಸೆಲನ್ನು ಮಾತ್ರ ಸರಕಾರವೇ ಕೈಹಿಡಿದು ನಡೆಸುತ್ತಿತ್ತು. ಲಾರಿಗಾಗಿ ಹಿಡಿದ ಆ ಕೊಡೆಯ ನೆರಳಿಗೆ ಕಾರುಗಳೂ ಓಡಿಬಂದು ನಿಂತವು. ಆ ವರ್ಷ ದೇಶದಲ್ಲಿ ಮಾರಾಟವಾದ ಕಾರುಗಳಲ್ಲಿ ಅರ್ಧಕ್ಕೂ ಹೆಚ್ಚು ಡೀಸೆಲಿನವೇ.

ಮೇಷ್ಟರು ದುಂಡು ಅಂಕಿಗಳಲ್ಲಿ ಲೆಕ್ಕ ಹಾಕಿದರು. ಪೆಟ್ರೋಲು 75 ರೂಪಾಯಿ, ಲೀಟರಿಗೆ 15 ಕಿಲೋಮೀಟರು. ಎಂದರೆ ಕಿಲೋಮೀಟರಿಗೆ 5 ರೂಪಾಯಿ. ಡೀಸೆಲು 45 ರೂಪಾಯಿ, ಲೀಟರಿಗೆ 18 ಕಿಲೋಮೀಟರು. ಎಂದರೆ ಎರಡೂವರೆ ರೂಪಾಯಿ. ಉಳಿತಾಯ ಕಿಲೋಮೀಟರಿಗೆ ಎರಡೂವರೆ ರೂಪಾಯಿ. ಡೀಸೆಲ್ ಕಾರಿಗೆ ಹೆಚ್ಚಾಗಿ ತೆತ್ತದ್ದು ಒಂದು ಲಕ್ಷ. ಆದುದರಿಂದ 40,000 ಕಿಲೋಮೀಟರು ಓಡಿದರೆ ಹೆಚ್ಚುವರಿ ಹಣ ವಾಪಸು. ತಿಂಗಳಿಗೆ ಸಾವಿರ ಕಿಲೋಮೀಟರಿನಂತೆ 40 ತಿಂಗಳು. ಅಲ್ಲಿಂದಾಚೆಗೆ ಲಾಭವೇ ಲಾಭ. ಕೆಳಗೆ ಎರಡು ಗೆರೆ ಎಳೆದು ಮೇಷ್ಟರು ಪುಸ್ತಕ ಮುಚ್ಚಿದರು.

ಮಾರನೆಯ ಬೆಳಿಗ್ಗೆ ಆರೂವರೆಗೆ ಕಾರು ಸ್ಟಾರ್ಟ್ ಆದೊಡನೆ ಓಣಿಗೆ ಓಣಿಯೇ ಎದ್ದಿತು. ಷೋರೂಮಿನ ವಿಶಾಲವಾದ ಅಂಗಳದಲ್ಲಿ ಕೇಳಿಸದಿದ್ದ ಸದ್ದು ಎರಡು ಗೋಡೆಗಳ ನಡುವೆ ಸಿಕ್ಕಿ ‘ಕಟಕಟಕಟ’ ಎಂದು ಮೊಳಗಿತು. ಎದುರುಮನೆಯ ಮಹಡಿಯಲ್ಲಿದ್ದ ಕಾಲೇಜು ಹುಡುಗರು ಬೋರ್‌ವೆಲ್ ಲಾರಿ ಬಂದಿತೆಂದು ಕಿಟಕಿ ತೆರೆದು ನೋಡಿದರು. ಮೇಷ್ಟರಿಗೆ ಆದ ಗಾಬರಿಯೇ ಬೇರೆ. ಕೀ ತಿರುಗಿಸಿದಾಗ ಮುಂದಿನ ಫಲಕದಲ್ಲಿ ಚಕ್ಕುಲಿಯ ಸುರುಳಿಯಂಥ ಹಳದಿ ದೀಪವೊಂದು ಹೊತ್ತಿ, ಮೂರು ನಾಲ್ಕು ಎಣಿಸುವಷ್ಟರಲ್ಲಿ ಆರಿತು. ಡ್ರೈವಿಂಗ್ ಸ್ಕೂಲಿನ ಪೆಟ್ರೋಲ್ ಕಾರಿನಲ್ಲಿ ಅಂಥ ದೀಪ ಇರಲಿಲ್ಲ. ಹೊಸ ಕಾರಿನಲ್ಲಿ ಮೊದಲ ದಿನವೇ ಏನೋ ಕೆಟ್ಟಿತೆಂದು ಅವರು ಬೆವರಿದರು.

ಆಗ ಪಕ್ಕದ ಮನೆಯ ಜಗುಲಿಯಿಂದ ಇಳಿದು ಬಂದವರು ಮೈಕೋ ಯಜಮಾನರು. ಅವರದೂ ಪಾಳ್ಯ ಕೊಟ್ಟ ಹೆಸರು. ಆಡುಗೋಡಿಯ ಮೈಕೋ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು ಅವರು. ಪಾಳ್ಯದಿಂದ ಆಡುಗೋಡಿ ಒಂದೆರಡು ಕಿಲೋಮೀಟರು. ಆ ಕಾಲದಲ್ಲಿ ಸುತ್ತಮುತ್ತಲಿನ ಎಷ್ಟೋ ಮನೆಗಳ ದಿನಚರಿ ಆ ಕಾರ್ಖಾನೆಯ ಪಾಳಿಯನ್ನೇ ಅನುಸರಿಸುತ್ತಿತ್ತು. ಬಿ.ಟಿ.ಎಂ. ಬಡಾವಣೆಯ ಒಂದು ಭಾಗಕ್ಕೆ ಇಂದಿಗೂ ‘ಮೈಕೋ ಲೇಔಟ್’ ಎಂದೇ ಹೆಸರು.

ಯಜಮಾನರು ಬಾನೆಟ್ಟಿನ ಮೇಲೆ ಅಂಗೈಯಿಟ್ಟು, ನಾಡಿ ನೋಡುವ ವೈದ್ಯರಂತೆ ತಲೆಬಾಗಿಸಿ ಆಲಿಸಿದರು.

“ಏನೂ ಕೆಟ್ಟಿಲ್ಲ ಮೇಷ್ಟ್ರೇ. ಆ ದೀಪ ಆರುವ ತನಕ ಕಾದು ಆಮೇಲೆ ಸ್ಟಾರ್ಟ್ ಮಾಡಿ. ಒಳಗೆ ಸಣ್ಣ ಕಾವು ಕೊಡುತ್ತೆ, ಅಷ್ಟೆ. ನೀವು ಸೈಕಲ್ಲಿಗೆ ಗಾಳಿ ಹೊಡೆದಿದ್ದೀರಲ್ಲ?”

“ಹೊಡೆದಿದ್ದೇನೆ ಯಜಮಾನ್ರೇ.”

“ಹೊಡೆದ ಮೇಲೆ ಪಂಪಿನ ತಳ ಮುಟ್ಟಿ ನೋಡಿದ್ದೀರಾ? ಕೈ ಸುಡೋ ಹಾಗಿರುತ್ತೆ. ಇದೂ ಅದೇ ಕೆಲಸ. ಇದರಲ್ಲಿ ಕಿಡಿ ಹೊಡೆಯೋ ಪ್ಲಗ್ಗು ಇಲ್ಲ. ಗಾಳಿಯನ್ನ ಹದಿನೇಳು ಹದಿನೆಂಟು ಪಾಲು ಅದುಮಿದರೆ ಅದೇ ಕೆಂಡದ ಹಾಗೆ ಕಾಯುತ್ತೆ. ಆ ಕಾದ ಗಾಳಿಗೆ ಎಣ್ಣೆ ಚಿಮ್ಮಿಸಿದರೆ ತಾನಾಗಿ ಹೊತ್ತಿಕೊಳ್ಳುತ್ತೆ. ಅದರ ಸದ್ದೇ ಈ ಕಟಕಟ.”

ಯಜಮಾನರು ನಾಲ್ಕು ಮಾತಿನಲ್ಲಿ ಹೇಳಿದ ಈ ತತ್ತ್ವಕ್ಕಾಗಿ ರುಡಾಲ್ಫ್ ಡೀಸೆಲ್ ಎಂಬ ಎಂಜಿನಿಯರ್ ತನ್ನ ಆಯುಷ್ಯವನ್ನೇ ಸವೆಸಿದನು. 1858ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಈ ಜರ್ಮನ್ ತಂತ್ರಜ್ಞ 1897ರಲ್ಲಿ ಔಗ್ಸ್‌ಬರ್ಗ್ ನಗರದಲ್ಲಿ ತನ್ನ ಎಂಜಿನನ್ನು ಯಶಸ್ವಿಯಾಗಿ ಓಡಿಸಿ ತೋರಿಸಿದಾಗ, ಅದು ಇಂಧನದ ಶಕ್ತಿಯಲ್ಲಿ ನೂರಕ್ಕೆ ಇಪ್ಪತ್ತಾರು ಭಾಗವನ್ನು ಕೆಲಸಕ್ಕೆ ಹಚ್ಚಿತು. ಅಂದಿನ ಉಗಿ ಯಂತ್ರಗಳು ಅದರ ಹತ್ತಿರಕ್ಕೂ ಬರುತ್ತಿರಲಿಲ್ಲ. ಆದರೆ ಕೀರ್ತಿ ಬಂದಷ್ಟು ನೆಮ್ಮದಿ ಆತನಿಗೆ ಬರಲಿಲ್ಲ. 1913ರ ಸೆಪ್ಟೆಂಬರ್ 29ರ ರಾತ್ರಿ ಇಂಗ್ಲೆಂಡಿಗೆ ಹೊರಟ ಹಡಗಿನಿಂದ ಆತ ಕಾಣೆಯಾದನು. ಕೆಲವು ದಿನಗಳ ಬಳಿಕ ಸಮುದ್ರದಲ್ಲಿ ಶವ ದೊರೆಯಿತು. ಆತನ ಎಂಜಿನ್ ಆಗಿನ್ನೂ ದೊಡ್ಡ ಗಾತ್ರದ್ದು. ಕಾರ್ಖಾನೆಗೂ ಹಡಗಿಗೂ ಸರಿ, ರಸ್ತೆಗೆ ಬಾರದು. ಸಣ್ಣ ಎಂಜಿನ್ನಿಗೆ ಎಣ್ಣೆಯನ್ನು ಹನಿಹನಿಯಾಗಿ, ಹೊತ್ತಿಗೆ ಸರಿಯಾಗಿ ಚಿಮ್ಮಿಸಬಲ್ಲ ಪಂಪು ಬೇಕಿತ್ತು. ಅಂಥ ಪಂಪನ್ನು ಜರ್ಮನಿಯ ಬಾಷ್ ಸಂಸ್ಥೆ 1927ರಲ್ಲಿ ಕಾರ್ಖಾನೆಯ ಪ್ರಮಾಣದಲ್ಲಿ ತಯಾರಿಸತೊಡಗಿದ ಮೇಲೆ ಡೀಸೆಲ್ ಲಾರಿ ಬಳಕೆಯಲ್ಲಿ ಹರಡಿತು. 1936ರಲ್ಲಿ ಬರ್ಲಿನ್ನಿನ ಪ್ರದರ್ಶನದಲ್ಲಿ ಮರ್ಸಿಡಿಸ್ ಬೆಂಜ಼್ ಸಂಸ್ಥೆಯ ಡೀಸೆಲ್ ಕಾರೂ ಕಾಣಿಸಿಕೊಂಡಿತು. ಅದೇ ಬಾಷ್ ಸಂಸ್ಥೆಯ ಸಂಬಂಧದಿಂದ 1951ರಲ್ಲಿ ಆರಂಭವಾದದ್ದು ಬೆಂಗಳೂರಿನ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಎಂದರೆ ಮೈಕೋ. ಪೆಟ್ರೋಲ್ ಎಂಜಿನ್ನಿಗೆ ಕಿಡಿ ಕೊಡುವ ಪ್ಲಗ್ಗು, ಕಿಡಿಯೇ ಬೇಡದ ಡೀಸೆಲ್ ಎಂಜಿನ್ನಿಗೆ ಎಣ್ಣೆ ಚಿಮ್ಮಿಸುವ ಪಂಪು, ಎರಡನ್ನೂ ತಯಾರಿಸಿದ ಹಿರಿಮೆ ಅದರದು.

ಇಷ್ಟಾದರೂ ನಮ್ಮ ದೇಶದಲ್ಲಿ ಡೀಸೆಲ್ ಎಂಬುದು ಬಹುಕಾಲ ಲಾರಿ ಬಸ್ಸುಗಳ ಮಾತಾಗಿಯೇ ಉಳಿದಿತ್ತು. 1980ರ ಸುಮಾರಿಗೆ ಅಂಬಾಸಡರ್ ಕಾರಿಗೆ ಡೀಸೆಲ್ ಎಂಜಿನ್ ಬಂದಾಗ ಅದನ್ನು ಮೆಚ್ಚಿಕೊಂಡವರು ಹೆಚ್ಚಾಗಿ ಟ್ಯಾಕ್ಸಿಯವರು. 1998ರ ಕೊನೆಯಲ್ಲಿ ಟಾಟಾ ಇಂಡಿಕಾ ಬಂದ ಮೇಲೆಯೇ ಸಾಮಾನ್ಯ ಸಂಸಾರಸ್ಥನು ಡೀಸೆಲಿನತ್ತ ಕಣ್ಣು ಹಾಯಿಸಿದ್ದು. ಮೇಷ್ಟರ ಕಾರಿನಲ್ಲಿದ್ದದ್ದು ಅನಂತರದ ತಲೆಮಾರಿನ 1248 ಸಿ.ಸಿ. ಎಂಜಿನ್. ಇಟಲಿಯಲ್ಲಿ ರೂಪುಗೊಂಡ ಈ ಎಂಜಿನ್ ಆ ವರ್ಷಗಳಲ್ಲಿ ಹಲವು ಕಂಪನಿಗಳ ಕಾರುಗಳಿಗೆ ಹೃದಯವಾಗಿ, ‘ರಾಷ್ಟ್ರೀಯ ಎಂಜಿನ್’ ಎಂಬ ತಮಾಷೆಯ ಬಿರುದನ್ನೂ ಪಡೆದಿತ್ತು.

ಆದರೆ ಬಿರುದಾಂಕಿತರೊಡನೆ ಬಾಳುವುದು ಸುಲಭವಲ್ಲವಷ್ಟೆ. ಎರಡನೆಯ ದಿನ ಡೇರಿ ವೃತ್ತದ ಸಿಗ್ನಲಿನಲ್ಲಿ ಹಸಿರು ದೀಪ ಬಂದೊಡನೆ ಮೇಷ್ಟರು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿತಂತೆ ಕ್ಲಚ್ಚು ಬಿಟ್ಟರು. ಕಾರು ಒಂದು ಸಲ ನಡುಗಿ ನಿಂತುಹೋಯಿತು. ಮತ್ತೆ ಸ್ಟಾರ್ಟ್ ಮಾಡಿ, ಈ ಸಲ ಆಕ್ಸಿಲರೇಟರನ್ನು ಗಟ್ಟಿಯಾಗಿ ಒತ್ತಿದರು. ಒಂದು ಕ್ಷಣ ಏನೂ ಆಗಲಿಲ್ಲ. ಮರುಕ್ಷಣ ಯಾರೋ ಹಿಂದಿನಿಂದ ನೂಕಿದಂತೆ ಕಾರು ಮುಂದಕ್ಕೆ ನೆಗೆದು, ಮುಂದಿದ್ದ ಆಟೋರಿಕ್ಷಾದಿಂದ ಗೇಣುದ್ದ ದೂರದಲ್ಲಿ ನಿಂತಿತು. ಆಟೋದವನು ತಿರುಗಿ ನೋಡಿ, “ಏನ್ ಸಾರ್, ಹಿಂದಿನ ಸೀಟಿಗೇ ಬರ್ತೀರಾ?” ಎಂದನು.

ಸಂಜೆ ಯಜಮಾನರು ಇದಕ್ಕೂ ಕಾರಣ ತಿಳಿಸಿದರು. ಈ ಎಂಜಿನ್ನಿಗೆ ಟರ್ಬೋ ಎಂಬ ಸಣ್ಣ ಗಾಳಿಚಕ್ರವಿದೆ. ಹೊರಹೋಗುವ ಹೊಗೆಯ ರಭಸದಿಂದಲೇ ಅದು ತಿರುಗಿ, ಒಳಕ್ಕೆ ಹೆಚ್ಚು ಗಾಳಿಯನ್ನು ತುರುಕುತ್ತದೆ. ಎಂಜಿನ್ ನಿಮಿಷಕ್ಕೆ ಎರಡು ಸಾವಿರ ಸುತ್ತಿನ ಹತ್ತಿರಕ್ಕೆ ಬರುವ ತನಕ ಆ ಚಕ್ರಕ್ಕೆ ತ್ರಾಣವಿಲ್ಲ. ಬಂದ ಮೇಲೆ ತಡೆಯುವವರಿಲ್ಲ. “ಅವಸರ ಮಾಡಬೇಡಿ. ಕ್ಲಚ್ಚನ್ನ ಅರ್ಧ ಬಿಟ್ಟು ಅದು ತಾನಾಗಿ ಹೆಜ್ಜೆ ಹಾಕೋದಕ್ಕೆ ಬಿಡಿ. ಎತ್ತು ಮೊದಲ ಹೆಜ್ಜೆ ಇಡೋದೇ ನಿಧಾನ, ಇಟ್ಟ ಮೇಲೆ ಗಾಡಿ ನಿಲ್ಲೋದಿಲ್ಲ,” ಎಂದರು. ದೂರದಿಂದ ವೇಗವಾಗಿ ಬಂದಾಗ ಒಡನೆ ಎಂಜಿನ್ ಆರಿಸದೆ, ಟರ್ಬೋ ತಣಿಯಲೆಂದು ಅರ್ಧ ನಿಮಿಷ ಬಿಡಬೇಕೆಂದೂ ಹೇಳಿದರು. ಮೇಷ್ಟರು ಈ ಮಾತಿನಲ್ಲಿ ‘ದೂರದಿಂದ’ ಎಂಬುದನ್ನು ಮರೆತು, ಮೂರು ಕಿಲೋಮೀಟರಿನ ಶಾಲೆಗೆ ಹೋದಾಗಲೂ ಕಾರಿನಲ್ಲಿಯೇ ಕಣ್ಣುಮುಚ್ಚಿ ಅರವತ್ತು ಎಣಿಸುತ್ತಿದ್ದರು. ಮೇಷ್ಟರು ಕಾರು ಕೊಂಡ ಮೇಲೆ ಪಾಠಕ್ಕೆ ಮೊದಲು ಪ್ರಾರ್ಥನೆ ಮಾಡುತ್ತಾರೆಂದು ಶಾಲೆಯಲ್ಲಿ ಸುದ್ದಿಯಾಯಿತು.

ಬೆಳಗಿನ ಎಣಿಕೆ ಇನ್ನೂ ದೀರ್ಘವಾಗಿತ್ತು. ಹೊಸ ಎಂಜಿನ್ ಚೆನ್ನಾಗಿ ಕಾಯಲೆಂದು ಮೇಷ್ಟರು ನಿತ್ಯವೂ ಹತ್ತು ನಿಮಿಷ ಓಣಿಯಲ್ಲಿಯೇ ಅದನ್ನು ಓಡಗೊಡುತ್ತಿದ್ದರು. ಒಂದು ವಾರ ಸಹಿಸಿದ ಎದುರುಮನೆಯ ಸೊಸೆ, ಎಂಟನೆಯ ದಿನ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಬಾಗಿಲಿಗೆ ಬಂದಳು.

“ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ನಿಮ್ಮ ಕಾರಿನ ಹೊಗೆಯೆಲ್ಲ ನಮ್ಮ ಕೋಣೆಗೇ ಬರುತ್ತೆ. ಮಗು ಬೆಳಗಿನ ಜಾವದಿಂದ ಕೆಮ್ಮುತ್ತೆ.”

ಮೇಷ್ಟರಿಗೆ ಮೊದಲು ಕೋಪ ಬಂದಿತು. ಹೊಸ ಕಾರು, ಹೊಗೆಯ ಪರೀಕ್ಷೆಯಲ್ಲಿ ತೇರ್ಗಡೆಯಾದದ್ದು, ಕಣ್ಣಿಗೆ ಹೊಗೆಯೇ ಕಾಣಿಸದು. ಆದರೆ ಅದೇ ವಾರದ ಪತ್ರಿಕೆಯಲ್ಲಿ ಒಂದು ಸುದ್ದಿ ಬಂದಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, 2012ರ ಜೂನ್ 12ರಂದು, ಡೀಸೆಲ್ ಎಂಜಿನ್ನಿನ ಹೊಗೆ ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡುತ್ತದೆಂದು ನಿರ್ಣಯಿಸಿತ್ತು. 1988ರಿಂದ ‘ಬಹುಶಃ’ ಎಂದಿದ್ದ ಮಾತು ಅಂದಿನಿಂದ ‘ನಿಶ್ಚಯ’ವಾಯಿತು. ಮೇಷ್ಟರು ಆ ಸುದ್ದಿಯನ್ನು ಎರಡು ಸಲ ಓದಿ ಪತ್ರಿಕೆಯನ್ನು ಮಡಿಸಿಟ್ಟರು. ಪಾಳ್ಯದಿಂದ ಹೆಚ್ಚು ದೂರವಿಲ್ಲದ ಕಿದ್ವಾಯಿ ಆಸ್ಪತ್ರೆಯ ಮುಂದೆ, ದೂರದ ಜಿಲ್ಲೆಗಳಿಂದ ಬಂದು ಚೀಲಗಳನ್ನು ಇಟ್ಟುಕೊಂಡು ಕುಳಿತಿರುವ ಜನರನ್ನು ಅವರು ಸ್ಕೂಟರಿನಲ್ಲಿ ಹೋಗುವಾಗಲೆಲ್ಲ ನೋಡಿದ್ದರು. ಕಣ್ಣಿಗೆ ಕಾಣದ ಕಣಗಳೇ ಎದೆಯ ಆಳಕ್ಕೆ ಇಳಿಯುವುವು ಎಂಬ ವಾಕ್ಯ ಅವರ ಕೋಪವನ್ನು ತಣ್ಣಗೆ ಮಾಡಿತು.

ಅಂದು ಸಂಜೆ ಯಜಮಾನರನ್ನು ಕೇಳಿದಾಗ ಅವರು ತಲೆಯ ಮೇಲೆ ಕೈಯಿಟ್ಟುಕೊಂಡರು. “ಅಯ್ಯೋ ಮೇಷ್ಟ್ರೇ, ಹತ್ತು ನಿಮಿಷ ನಿಲ್ಲಿಸಿ ಓಡಿಸಿ ಅಂತ ಯಾರು ಹೇಳಿದರು? ನಿಂತಲ್ಲಿ ಓಡಿದರೆ ಡೀಸೆಲ್ ಎಂಜಿನ್ ಕಾಯೋದೇ ಇಲ್ಲ. ಸ್ಟಾರ್ಟ್ ಮಾಡಿ, ಹತ್ತು ಎಣಿಸಿ, ಮೆಲ್ಲಗೆ ಹೊರಟುಬಿಡಿ. ಓಡುತ್ತಾ ಕಾಯಬೇಕು ಅದು.”

ತಿಂಗಳು ತುಂಬಿತು. ಮೇಷ್ಟರು ನೋಟುಪುಸ್ತಕ ತೆರೆದರು. ಶಾಲೆಗೆ ಮೂರು, ಮನೆಗೆ ಮೂರು. ದಿನಕ್ಕೆ ಆರರಂತೆ ತಿಂಗಳಿಗೆ, ಮಾರುಕಟ್ಟೆಯೂ ಸೇರಿ, ಓಡಿದ್ದು 150 ಕಿಲೋಮೀಟರು. ಎಂಜಿನ್ ಕಾಯುವುದಕ್ಕೆ ಮೊದಲೇ ಶಾಲೆ ಬರುತ್ತಿದ್ದುದರಿಂದ ಲೀಟರಿಗೆ 18ರ ಬದಲು 12ನ್ನು ದಾಟಿರಲಿಲ್ಲ. ಆ ಅಂಕಿಯನ್ನು ಲೆಕ್ಕಕ್ಕೆ ಸೇರಿಸುವ ಧೈರ್ಯ ಅವರಿಗೆ ಬರಲಿಲ್ಲ. ಹಳೆಯ ಉಳಿತಾಯವನ್ನೇ ಹಿಡಿದರೂ, 40,000ವನ್ನು 150ರಿಂದ ಭಾಗಿಸಿದಾಗ 266 ತಿಂಗಳು ಬಂದವು. ಎಂದರೆ ಇಪ್ಪತ್ತೆರಡು ವರ್ಷ ಎರಡು ತಿಂಗಳು. ಸರಕಾರ ಕಾರಿಗೆ ನೋಂದಣಿ ಕೊಟ್ಟಿದ್ದುದೇ ಹದಿನೈದು ವರ್ಷಕ್ಕೆ! ಮಕ್ಕಳಿಗೆ ‘ಕೊಟ್ಟದ್ದನ್ನು ಪರೀಕ್ಷಿಸದೆ ಉತ್ತರ ಬರೆಯಬೇಡಿ’ ಎಂದು ನಿತ್ಯವೂ ಹೇಳುವ ಮೇಷ್ಟರು, ತಿಂಗಳಿಗೆ ಸಾವಿರ ಕಿಲೋಮೀಟರು ಎಂಬ ಕೊಟ್ಟದ್ದನ್ನು ತಾವೇ ಪರೀಕ್ಷಿಸಿರಲಿಲ್ಲ.

ಪುಸ್ತಕ ನೋಡಿದ ಯಜಮಾನರು ನಗಲಿಲ್ಲ. “ಮೇಷ್ಟ್ರೇ, ನಿಮ್ಮ ಊರು ಯಾವುದು?” ಎಂದರು.

“ಚನ್ನರಾಯಪಟ್ಟಣದ ಹತ್ತಿರ.”

“ಊರಿನಲ್ಲಿ ಯಾರಿದ್ದಾರೆ?”

“ತಾಯಿ ಒಬ್ಬರೇ ಇದ್ದಾರೆ.”

“ಹಾಗಾದರೆ ಇದು ಶಾಲೆಗೆ ಹೋಗೋ ಗಾಡಿಯಲ್ಲ, ಊರಿಗೆ ಹೋಗೋ ಗಾಡಿ. ಶಾಲೆಗೆ ಸ್ಕೂಟರ್ ಇದೆಯಲ್ಲ?”

ಮೇಷ್ಟರು ಮಾತಾಡಲಿಲ್ಲ. ಊರು 150 ಕಿಲೋಮೀಟರು. ಹಿಂದೆ ಅವರು ಹೋಗುತ್ತಿದ್ದುದು ಗೌರಿಹಬ್ಬಕ್ಕೆ, ತಂದೆಯ ತಿಥಿಗೆ, ಬೇಸಗೆಯ ರಜೆಗೆ. ಮೆಜೆಸ್ಟಿಕ್ಕಿನ ನೂಕುನುಗ್ಗಲು, ಪರೀಕ್ಷೆಯ ಕಾಲ, ಮನೆಪಾಠ, ಹೀಗೆ ಹೋಗದಿರುವುದಕ್ಕೆ ಕಾರಣಗಳು ತಾವಾಗಿ ಒದಗುತ್ತಿದ್ದುವು. ತಾಯಿ ಬೆಂಗಳೂರಿಗೆ ಬರುವಂತಿರಲಿಲ್ಲ. ಬಸ್ಸು ಹತ್ತಿದರೆ ಹತ್ತು ಮೈಲಿಗೇ ವಾಂತಿ. ಎರಡು ಕಣ್ಣಿಗೂ ಪೊರೆ ಬಂದು ವರ್ಷವಾಗಿತ್ತು. ಶಸ್ತ್ರಚಿಕಿತ್ಸೆ ಮಾಡಿಸೋಣವೆಂದಾಗಲೆಲ್ಲ, “ಬಸ್ಸಾಗೆ ಸಾಯೋದಕ್ಕಿಂತ ಕುರುಡಾಗಿ ಬದುಕೋದೇ ವಾಸಿ ಕಣಪ್ಪ,” ಎನ್ನುತ್ತಿದ್ದರು. ಕಾರು ಕೊಂಡಾಗ ಈ ಮಾತು ಮೇಷ್ಟರಿಗೆ ನೆನಪಾಗದೆ ಇರಲಿಲ್ಲ. ಆದರೆ ಡೇರಿ ವೃತ್ತವನ್ನೇ ದಾಟಲಾರದವನು ಹೆದ್ದಾರಿಯಲ್ಲಿ ಹೇಗೆ ಹೋಗುವುದೆಂಬ ಅಂಜಿಕೆ ಅವರನ್ನು ತಡೆದಿತ್ತು.

ಜುಲೈ ತಿಂಗಳ ಎರಡನೆಯ ಶನಿವಾರ ಹೊರಡುವುದೆಂದು ನಿಶ್ಚಯವಾಯಿತು. ದಾರಿಯಲ್ಲಿ ಎಡೆಯೂರು ಸಿದ್ಧಲಿಂಗೇಶ್ವರನ ದರ್ಶನವಾಗುತ್ತದೆಂದು ಯಜಮಾನರೂ ಜೊತೆಗೆ ಹೊರಟರು. ಅವರು ಮುಂದಿನ ಸೀಟಿನಲ್ಲಿ, ಮೇಷ್ಟರ ಮಡದಿ ಹಿಂದೆ. ಬೆಳಗಿನ ಆರು ಗಂಟೆ. ಟ್ಯಾಂಕು ಹೆಚ್ಚು ಕಡಿಮೆ ಬರಿದಾಗಿತ್ತು. ದಾರಿಯ ಒಂದು ಬಂಕಿನಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಮುಚ್ಚಳದ ಸನ್ನೆ ಎಳೆದ ಮೇಷ್ಟರು, ಇಪ್ಪತ್ತು ವರ್ಷಗಳ ಅಭ್ಯಾಸಬಲದಿಂದ ಒಂದು ಮಾತು ಹೇಳಿದರು:

“ಸಾವಿರ ರೂಪಾಯಿಗೆ ಪೆಟ್ರೋಲ್ ಹಾಕಪ್ಪ.”

ಹುಡುಗ ಹಾಕಿದನು. ಡೀಸೆಲಿನ ನಳಿಕೆ ದಪ್ಪ, ಪೆಟ್ರೋಲಿನದು ಸಣ್ಣ. ಆದುದರಿಂದ ಪೆಟ್ರೋಲ್ ಕಾರಿಗೆ ಡೀಸೆಲ್ ಹಾಕುವುದು ಕಷ್ಟ. ಡೀಸೆಲ್ ಕಾರಿಗೆ ಪೆಟ್ರೋಲ್ ಹಾಕುವುದು ಬಹಳ ಸುಲಭ. ಮುಚ್ಚಳದ ಒಳಮೈಯಲ್ಲಿ ‘ಡೀಸೆಲ್’ ಎಂದು ಬರೆದ ಚೀಟಿ ಇತ್ತು. ಹುಡುಗನ ಕಣ್ಣು ಮೀಟರಿನ ಮೇಲಿತ್ತು. ಮೇಷ್ಟರು ಹಣ ಕೊಟ್ಟು ಬಂದು ಕುಳಿತು ಕೀಗೆ ಕೈ ಹಾಕಿದರು. ತೂಕಡಿಸುತ್ತಿದ್ದ ಯಜಮಾನರು ಕಣ್ಣುಬಿಟ್ಟು, ಪಂಪಿನ ಮೇಲಿನ ಬರಹವನ್ನು ನೋಡಿದವರೇ ಮೇಷ್ಟರ ಮಣಿಕಟ್ಟನ್ನು ಹಿಡಿದುಕೊಂಡರು.

“ಕೀ ತಿರುಗಿಸಬೇಡಿ! ಮುಟ್ಟಬೇಡಿ ಮೇಷ್ಟ್ರೇ!”

ಮೂವತ್ತು ವರ್ಷ ಪಂಪು ಕೂಡಿಸಿದ ಆ ಮುದಿಕೈಗೆ ಅಷ್ಟು ಬಲವಿದೆಯೆಂದು ಮೇಷ್ಟರು ಎಣಿಸಿರಲಿಲ್ಲ. ನಾಲ್ವರು ಸೇರಿ ಕಾರನ್ನು ನೂಕಿ ಒಂದು ಪಕ್ಕಕ್ಕೆ ನಿಲ್ಲಿಸಿದರು. ಮೆಕ್ಯಾನಿಕ್ ಬರುವ ತನಕ, ಬಂಕಿನ ಗೋಡೆಯ ನೆರಳಿನಲ್ಲಿ ಕುಳಿತು ಯಜಮಾನರು ಹೇಳಿದ ಮಾತುಗಳು ಯಾವ ಕೈಪಿಡಿಯಲ್ಲಿಯೂ ಅಷ್ಟು ಮನಮುಟ್ಟುವಂತೆ ಇರಲಾರವು.

“ನಾವು ಮಾಡುತ್ತಿದ್ದ ಪಂಪಿನೊಳಗೆ ಪ್ಲಂಜರ್ ಅಂತ ಒಂದು ಕಡ್ಡಿ, ಬ್ಯಾರೆಲ್ ಅಂತ ಅದರ ಮನೆ. ಎರಡರ ನಡುವೆ ಇರೋ ಜಾಗ ಮೂರು ಮೈಕ್ರಾನಿನ ಆಸುಪಾಸು. ಒಂದು ತಲೆಕೂದಲನ್ನ ಇಪ್ಪತ್ತು ಪಾಲು ಸೀಳಿದರೆ ಎಷ್ಟೋ ಅಷ್ಟು. ಒಂದಕ್ಕೊಂದು ಉಜ್ಜಿ ಜೋಡಿ ಮಾಡಿದ ಮೇಲೆ ಅವು ಗಂಡಹೆಂಡಿರ ಹಾಗೆ. ಈ ಜೋಡಿಯ ಕಡ್ಡಿ ಆ ಜೋಡಿಯ ಮನೆಗೆ ಹೊಂದೋದಿಲ್ಲ. ಈಗಿನ ಪಂಪು ಬೇರೆ ಮಾದರಿ. ಕೆಲಸದ ನಾಜೂಕು ಮಾತ್ರ ಅದೇ. ಅಷ್ಟು ಸಣ್ಣ ಸಂದಿನಲ್ಲಿ ಬೇರೆ ಎಣ್ಣೆ ಹಾಕೋ ಹಾಗಿಲ್ಲ. ಡೀಸೆಲ್ಲೇ ಅದಕ್ಕೆ ಆಹಾರ, ಡೀಸೆಲ್ಲೇ ಅದಕ್ಕೆ ಜಿಡ್ಡು. ಪೆಟ್ರೋಲಿನಲ್ಲಿ ಆ ಜಿಡ್ಡಿಲ್ಲ. ನೀವು ಕೀ ತಿರುಗಿಸಿದ್ದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ, ಆ ಪುಡಿಯೆಲ್ಲ ಇಂಜೆಕ್ಟರಿನ ಸಣ್ಣ ತೂತಿಗೆ ಹೋಗಿ ಕೂತಿರೋದು. ಆಮೇಲೆ ಪಂಪೂ ಹೊಸದು, ಇಂಜೆಕ್ಟರೂ ಹೊಸದು.”

ಮೇಷ್ಟರ ಕಾರಿನಲ್ಲಿದ್ದ ‘ಕಾಮನ್ ರೈಲ್’ ಪದ್ಧತಿಯಲ್ಲಿ ಎಣ್ಣೆಯ ಒತ್ತಡ ವಾಯುಭಾರದ ಸಾವಿರ ಪಟ್ಟಿಗೂ ಮಿಕ್ಕಿರುತ್ತದೆ. ಚಕ್ರದ ಟ್ಯೂಬಿನೊಳಗಿನ ಗಾಳಿಯದು ಎರಡು ಪಟ್ಟು ಮಾತ್ರ. ಇಂಥ ಒತ್ತಡದಲ್ಲಿ ಜಿಡ್ಡಿಲ್ಲದೆ ಪಂಪು ಬಾಳುವುದು ಹೇಗೆ? ಮೂರು ಗಂಟೆಗಳ ಬಳಿಕ ಮೆಕ್ಯಾನಿಕ್ ಬಂದು ಟ್ಯಾಂಕನ್ನು ಪೂರ್ತಿ ಬರಿದು ಮಾಡಿ, ತೊಳೆದು, ಹೊಸ ಡೀಸೆಲ್ ತುಂಬಿಸಿದನು. ನಷ್ಟ ಸಾವಿರ ರೂಪಾಯಿಯ ಪೆಟ್ರೋಲು ಮತ್ತು ಕೂಲಿ. ಕೀ ತಿರುಗಿದ್ದರೆ ಹಲವು ತಿಂಗಳ ಸಂಬಳ ಹೋಗುತ್ತಿತ್ತು.

ನೈಸ್ ರಸ್ತೆ ಹಿಡಿದು ತುಮಕೂರು ರಸ್ತೆಗೆ ಸೇರಿ, ನೆಲಮಂಗಲದಲ್ಲಿ ಎಡಕ್ಕೆ ತಿರುಗಿ ಹಾಸನದ ದಾರಿಗೆ ಬಿದ್ದ ಮೇಲೆ ಕಾರಿನ ಸ್ವಭಾವವೇ ಬದಲಾದಂತೆ ಕಂಡಿತು. ಓಣಿಯಲ್ಲಿ ಕಟಕಟಿಸುತ್ತಿದ್ದ ಎಂಜಿನ್ ಇಲ್ಲಿ ಒಂದೇ ಶ್ರುತಿಯಲ್ಲಿ ಗುನುಗಿತು. ಮೇಲಿನ ಗೇರಿನಲ್ಲಿ, ಎರಡು ಸಾವಿರ ಸುತ್ತಿನ ನೆಮ್ಮದಿಯಲ್ಲಿ, ಕುಣಿಗಲ್ಲಿನ ಏರುಗಳನ್ನು ಅದು ಗೇರು ಬದಲಿಸದೆಯೇ ಹತ್ತಿತು. ಯಜಮಾನರು ಎಡೆಯೂರು ಬರುವ ತನಕ ಒಂದು ಮಾತನ್ನೂ ಆಡಲಿಲ್ಲ. ಆಯುಷ್ಯವೆಲ್ಲ ಡೀಸೆಲ್ ಪಂಪು ಮಾಡಿದ ಆ ಹಿರಿಯರು, ಕೆಲಸಕ್ಕೆ ಹೋದದ್ದು ಸೈಕಲ್ಲಿನಲ್ಲಿ. ಅಂಥ ಎಂಜಿನ್ನಿನ ಕಾರಿನಲ್ಲಿ ಕುಳಿತು ದೂರಪ್ರಯಾಣ ಮಾಡಿದ್ದು ಅದೇ ಮೊದಲು. ದೇವಸ್ಥಾನದ ಮುಂದೆ ಇಳಿಯುವಾಗ ಅವರು, “ಚೆನ್ನಾಗಿ ಓಡುತ್ತೆ ಮೇಷ್ಟ್ರೇ,” ಎಂದಷ್ಟೇ ಹೇಳಿದರು. ಮೇಷ್ಟರು ಮರೆಯದೆ ಅರ್ಧ ನಿಮಿಷ ಎಣಿಸಿ ಎಂಜಿನ್ ಆರಿಸಿದರು. ಈ ಸಲ ಅದು ಸರಿಯಾದ ಎಣಿಕೆಯೇ ಆಗಿತ್ತು.

ಭಾನುವಾರ ಸಂಜೆ ತಾಯಿ ಕಾರಿನ ಹಿಂದಿನ ಸೀಟಿನಲ್ಲಿ, ಸೊಸೆಯ ತೊಡೆಯ ಮೇಲೆ ತಲೆಯಿಟ್ಟು, ಕೈಯಲ್ಲಿ ನಿಂಬೆಹಣ್ಣು ಹಿಡಿದುಕೊಂಡು ಬೆಂಗಳೂರಿಗೆ ಬಂದರು. ದಾರಿಯಲ್ಲಿ ನಾಲ್ಕು ಸಲ ಕಾರು ನಿಂತಿತು. ವಾಂತಿ ಒಂದೇ ಸಲವಾಯಿತು. ಆಗಸ್ಟಿನಲ್ಲಿ ಒಂದು ಕಣ್ಣಿಗೆ, ದೀಪಾವಳಿ ಕಳೆದ ಮೇಲೆ ಇನ್ನೊಂದಕ್ಕೆ ಚಿಕಿತ್ಸೆಯಾಯಿತು. ಕಟ್ಟು ಬಿಚ್ಚಿದ ದಿನ ಆಕೆ ಮೊದಲು ನೋಡಿದ್ದು ಮಗನ ತಲೆಯನ್ನು. “ಇದೇನಪ್ಪ, ಕೂದ್ಲೆಲ್ಲ ಯಾವಾಗ ನೆರೀತು?” ಎಂದು ಕೇಳಿದರು. ಮೇಷ್ಟರಿಗೆ ಉತ್ತರ ಹೊಳೆಯಲಿಲ್ಲ.

ಅಂದಿನಿಂದ ಮೇಷ್ಟರ ಪದ್ಧತಿ ಬದಲಾಯಿತು. ಶಾಲೆಗೆ ಸ್ಕೂಟರು, ತಿಂಗಳಿಗೆ ಎರಡು ಸಲ ಊರಿಗೆ ಕಾರು. ಎದುರುಮನೆಯ ಕಿಟಕಿಯ ಮುಂದೆ ಎಂಜಿನ್ ನಿಂತು ಓಡಲಿಲ್ಲ. ಲೀಟರಿಗೆ 20 ಕಿಲೋಮೀಟರು ಬರತೊಡಗಿತು. ತಿಂಗಳಿಗೆ 600ರಂತೆ ಲೆಕ್ಕ ಹಾಕಿದರೆ 40,000ಕ್ಕೆ ಐದೂವರೆ ವರ್ಷ ಸಾಕು. ಮೇಷ್ಟರು ಹೊಸ ಪುಟದಲ್ಲಿ ಹೊಸ ಗೆರೆ ಎಳೆದರು.

ಆದರೆ ಆ ಗೆರೆಯನ್ನೂ ಕಾಲ ಅಳಿಸಿತು. 2013ರ ಜನವರಿಯಿಂದ ಡೀಸೆಲಿನ ಬೆಲೆ ತಿಂಗಳಿಗೆ ಐವತ್ತು ಪೈಸೆಯಷ್ಟು ಏರತೊಡಗಿತು. 2014ರ ಅಕ್ಟೋಬರಿನಲ್ಲಿ ಸರಕಾರ ಅದರ ಕೈಯನ್ನೂ ಬಿಟ್ಟಿತು. 2018ರ ಆರಂಭದಲ್ಲಿ ಕಾರು ನಲವತ್ತು ಸಾವಿರ ದಾಟಿದಾಗ, ಮೂವತ್ತು ರೂಪಾಯಿಯ ಅಂತರ ಹತ್ತರ ಆಸುಪಾಸಿಗೆ ಇಳಿದಿತ್ತು. ಲಕ್ಷದ ಬಾಕಿ ತೀರಿರಲಿಲ್ಲ. 2020ರ ಜೂನ್ 24ರಂದು ದೆಹಲಿಯಲ್ಲಿ ಡೀಸೆಲ್ ಪೆಟ್ರೋಲಿಗಿಂತಲೂ ದುಬಾರಿಯಾಗಿ, ಹಳೆಯ ಲೆಕ್ಕ ತಲೆಕೆಳಗಾಯಿತು. ಅದೇ ವರ್ಷದ ಏಪ್ರಿಲಿನಿಂದ ಬಂದ ಬಿ.ಎಸ್. 6 ಕಟ್ಟಳೆಗೆ ಹೊಂದಿಸುವುದು ದುಬಾರಿಯೆಂದು ‘ರಾಷ್ಟ್ರೀಯ ಎಂಜಿನ್’ ನಮ್ಮ ದೇಶದಲ್ಲಿ ನಿಂತುಹೋಯಿತು. ಮೈಕೋ ಎಂಬ ಹೆಸರು 2008ರಲ್ಲಿಯೇ ಬಾಷ್ ಎಂದಾಗಿತ್ತು. ಕಾರ್ಖಾನೆಯ ತಯಾರಿಕೆ ಬಿಡದಿಗೆ ಸಾಗಿ, ಆಡುಗೋಡಿಯ ಆ ಆವರಣದಲ್ಲಿ 2022ರಲ್ಲಿ ತಂತ್ರಜ್ಞಾನದ ಹೊಸ ಕಟ್ಟಡಗಳು ಎದ್ದು ನಿಂತವು.

ಇಂದು ಡೀಸೆಲ್ ಕಾರು ಕೊಳ್ಳಬಯಸುವವರು ಮೇಷ್ಟರ ಮೊದಲ ವರ್ಷವನ್ನು ನೆನೆಯುವುದು ಒಳಿತು. ಬಿ.ಎಸ್. 6 ಬಂದ ಮೇಲಿನ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಟ್ಟು ಆಗಾಗ್ಗೆ ತಾನೇ ಸುಡುವ ಸೋಸುಕವಿದೆ. ಅದು ಸುಡಬೇಕಾದರೆ ಕಾರು ಸ್ವಲ್ಪ ಹೊತ್ತು ವೇಗವಾಗಿ ಓಡಬೇಕು. ಓಣಿಯಿಂದ ಓಣಿಗೆ ಮಾತ್ರ ಹೋಗುವವರಲ್ಲಿ ಅದು ಕಟ್ಟಿಕೊಂಡು ತಗಾದೆ ಮಾಡುತ್ತದೆ. ಆದುದರಿಂದ ಬಂಕಿನ ಬೆಲೆಯನ್ನು ನೋಡುವುದಕ್ಕೆ ಮೊದಲು ತಾವು ತಿಂಗಳಿಗೆ ಎಷ್ಟು ದೂರ, ಎಲ್ಲಿಗೆ ಹೋಗುವವರೆಂಬುದನ್ನು ಬರೆದು ನೋಡಬೇಕು. ಬೆಲೆ ಸರಕಾರದ ಕೈಯಲ್ಲಿಯೂ ಸಂತೆಯ ಕೈಯಲ್ಲಿಯೂ ಇದೆ. ದೂರ ಮಾತ್ರ ಕಾರಿನ ಯಜಮಾನನ ಕೈಯಲ್ಲಿದೆ.

ಮೇಷ್ಟರ ಕಾರಿಗೆ 2027ರಲ್ಲಿ ಹದಿನೈದು ವರ್ಷ ತುಂಬುತ್ತದೆ. ನೋಟುಪುಸ್ತಕದ ಕೊನೆಯ ಪುಟಗಳಲ್ಲಿ ಈಗ ಉಳಿತಾಯದ ಅಂಕಣವಿಲ್ಲ. ಊರಿಗೆ ಹೋದ ದಿನಗಳ ತಾರೀಖುಗಳು ಮಾತ್ರ ಇವೆ. ಒಂದು ಎಚ್ಚರಿಕೆ ಮೊದಲ ವರ್ಷದಿಂದ ಹಾಗೆಯೇ ಉಳಿದುಬಂದಿದೆ. ಬಂಕಿನಲ್ಲಿ ಕಾರು ನಿಂತಾಗ ಮೇಷ್ಟರು ಬಾಯಿ ತೆರೆಯುವುದಿಲ್ಲ. ಮಡದಿ ಇಳಿದು ಹೋಗಿ, ಹುಡುಗನ ಎದುರಿಗೆ ನಿಂತು, “ಡೀಸೆಲ್ ಕಣಪ್ಪ, ಡೀಸೆಲ್,” ಎಂದು ಎರಡು ಸಲ ಹೇಳಿ, ಅವನಿಂದ ಒಂದು ಸಲ ಹೇಳಿಸಿದ ಮೇಲೆಯೇ ಮುಚ್ಚಳ ತೆರೆಯುತ್ತದೆ.